ಬಾಗಿಲಿಲ್ಲದ ಊರಿನ ಬಡಗಿ

ಆ ಮಹಾನಗರಕ್ಕೆ ಅಡ್ಡಹೆಸರುಗಳಿಗೇನೂ ಬರವಿರಲಿಲ್ಲ. ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅದು ಹೊಗೆಯೂರು. ಗಿರಣಿಗಳಿಗೆ ಬೀಗ ಬಿದ್ದು ಆಕಾಶ ತಿಳಿಯಾದ ಮೇಲೂ ಸುತ್ತಲಿನವರು ಆ ಹೆಸರು ಬಿಡಲಿಲ್ಲ. ತಲೆ ಬೋಳಾದ ಮೇಲೂ ಗುಂಗುರು ಕೂದಲಿನವನನ್ನು ‘ಗುಂಗುರು’ ಎಂದೇ ಕರೆಯುತ್ತೇವಲ್ಲ, ಹಾಗೆ. ಯಾವುದೋ ಸೇತುವೆಯ ಉದ್ಘಾಟನೆಗೆ ಬಂದ ದೊಡ್ಡ ಮನುಷ್ಯರೊಬ್ಬರು ‘ಸೇತುವೆಗಳ ರಾಣಿ’ ಎಂದು ಹೊಗಳಿದರು. ಚಪ್ಪಾಳೆ ಬಿತ್ತು, ಮರುದಿನ ಪತ್ರಿಕೆಯಲ್ಲೂ ಬಂತು. ಬೀದಿಯಲ್ಲಿ ಮಾತ್ರ ಒಬ್ಬರ ಬಾಯಿಗೂ ಆ ಹೆಸರು ಹತ್ತಲಿಲ್ಲ. ಯಾರೋ ಯೋಚಿಸಿ ಇಟ್ಟ ಅಡ್ಡಹೆಸರು ನಿಲ್ಲುವುದು ಕಷ್ಟ. ತಾನಾಗಿ ಅಂಟಿಕೊಂಡದ್ದು ಉಜ್ಜಿದರೂ ಹೋಗುವುದಿಲ್ಲ.

ಹಾಗೆ ಅಂಟಿಕೊಂಡು ಉಳಿದದ್ದು ‘ಬಾಗಿಲಿಲ್ಲದ ಊರು’ ಎಂಬ ಹೆಸರು. ಅದರ ಅರ್ಥ ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ಟ್ಯಾಕ್ಸಿಯವನು, “ಹಿಂದೆ ಇಲ್ಲಿ ಕಳ್ಳರೇ ಇರಲಿಲ್ಲ ಸಾರ್, ಯಾರೂ ಬಾಗಿಲು ಹಾಕ್ತಿರಲಿಲ್ಲ” ಎಂದು ಹೇಳುತ್ತಲೇ ಮೀಟರಿಗಿಂತ ಹೆಚ್ಚು ಕೇಳುತ್ತಾನೆ. ಶಾಲೆಯ ಮೇಷ್ಟ್ರು, ಹಳೇ ಕೋಟೆಗೆ ಒಂದು ದಿಕ್ಕಿನಲ್ಲಿ ಬಾಗಿಲೇ ಇರಲಿಲ್ಲ ಎಂದು ಕಪ್ಪು ಹಲಗೆಯ ಮೇಲೆ ಕೋಟೆ ಬರೆದು ತೋರಿಸುತ್ತಾರೆ. ಕೋಟೆ ಎಲ್ಲಿತ್ತು ಎಂದು ಕೇಳಿದವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ವ್ಯಾಪಾರಿಗಳು, ಯಾರು ಬೇಕಾದರೂ ಬಂದು ಅಂಗಡಿ ತೆರೆಯಬಹುದಾದ ಊರು ಎನ್ನುತ್ತಾರೆ. ಬಾಡಿಗೆ ಮನೆಗೆ ಅಲೆದು ಚಪ್ಪಲಿ ಸವೆಸಿಕೊಂಡ ಹೊಸಬನೊಬ್ಬ ಬಸ್ಸಿನಲ್ಲಿ ಹೇಳಿದ್ದು ಬೇರೆಯೇ: “ಬಾಗಿಲೇ ಇಲ್ಲ ಅಂದ್ಮೇಲೆ ಒಳಗೆ ಹೋಗೋದು ಎಲ್ಲಿಂದ?”

ಹೆಸರು ಹುಟ್ಟಿದ ಜಾಗದಲ್ಲಿ ಮಾತ್ರ ಯಾರೂ ಅರ್ಥ ಹೇಳುತ್ತಿರಲಿಲ್ಲ. ಅದು ರೈಲುಹಳಿಯ ಪಕ್ಕದ ಒಂದು ಓಣಿ. ಎರಡೂ ಕಡೆ ಗಿರಣಿ ಕಟ್ಟಿಸಿಕೊಟ್ಟ ಸಾಲುಮನೆಗಳು, ನಡುವೆ ಎರಡು ಸೈಕಲ್ಲು ಎದುರುಬದುರಾದರೆ ಒಬ್ಬರು ಇಳಿಯಬೇಕಾದಷ್ಟು ದಾರಿ. ಅಲ್ಲಿ ಹೋಗಿ ಕೇಳಿದರೆ, “ಏನೋಪ್ಪ, ಹಿಂದಿನವರು ಹಾಗೆ ಕರೀತಿದ್ರು” ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಬಾಗಿಲು ನೆಟ್ಟಗೆ ಮುಚ್ಚುತ್ತಿರಲಿಲ್ಲ. ಓಣಿಯ ಯಾವ ಬಾಗಿಲೂ ಅದರ ಚೌಕಟ್ಟಿಗೆ ಸರಿಹೊಂದುತ್ತಿರಲಿಲ್ಲ. ಒಂದರ ಕೆಳಗೆ ಬೆಕ್ಕು ನುಸುಳುವಷ್ಟು ಸಂದು, ಇನ್ನೊಂದರ ತಲೆಯನ್ನು ಹೆರೆದು ಕೂರಿಸಿದ ಗುರುತು, ಮತ್ತೊಂದಕ್ಕೆ ಪಕ್ಕದಲ್ಲಿ ಹೊಡೆದ ಉದ್ದನೆಯ ಮರದ ಪಟ್ಟಿ.

ಆ ಪಟ್ಟಿಗಳನ್ನು ಹೊಡೆದವನೇ ಈ ಕಥೆಯ ಬಡಗಿ. ಓಣಿಯವರು ಅವನನ್ನು ಪಟ್ಟಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅವನಪ್ಪನನ್ನೂ ಹಾಗೆಯೇ ಕರೆಯುತ್ತಿದ್ದರು, ಅಂಗಡಿಯ ಜೊತೆಗೆ ಹೆಸರೂ ಬಂತು. ವಯಸ್ಸು ಅರವತ್ತರ ಹತ್ತಿರ. ಕಿವಿಯ ಸಂದಿಯಲ್ಲಿ ಪೆನ್ಸಿಲು, ಹುಬ್ಬಿನ ಮೇಲೆ ಮರದ ಹುಡಿ. ಮಾತು ಕಡಿಮೆ, ಗೊಣಗಾಟ ಜಾಸ್ತಿ. ಊರಿನ ಹೊಸ ಬಡಾವಣೆಗಳಲ್ಲಿ ಕಪಾಟು, ಮಂಚ, ಅಡುಗೆಮನೆಯ ಕಟ್ಟೆ ಎಲ್ಲ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಓಣಿಗೆ ಬಂದರೆ ಮಾತ್ರ ಅವನ ಕೆಲಸ ಬರೀ ತೇಪೆ. ಮಳೆಗಾಲಕ್ಕೆ ಬಾಗಿಲು ಉಬ್ಬಿದರೆ ಹೆರೆಯುವುದು, ಬೇಸಿಗೆಗೆ ಕುಗ್ಗಿದರೆ ಪಟ್ಟಿ ಹೊಡೆಯುವುದು. ಅದಕ್ಕೆ ಅಪ್ಪ ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ಮಗನೂ ತೆಗೆದುಕೊಳ್ಳುತ್ತಿರಲಿಲ್ಲ. ಯಾಕೆಂದು ಅವನ ಹೆಂಡತಿ ಮದುವೆಯಾದ ಹೊಸದರಲ್ಲಿ ಕೇಳಿ, ಸರಿಯಾದ ಉತ್ತರ ಸಿಗದೆ ಕೈಬಿಟ್ಟಿದ್ದಳು.

ಉತ್ತರ ಅವನಿಗೆ ಗೊತ್ತಿತ್ತು. ಓಣಿಯ ಹಿರಿಯರೆಲ್ಲರಿಗೂ ಗೊತ್ತಿತ್ತು. ಅವನು ಹುಟ್ಟುವ ಮೊದಲು ಒಂದು ವರ್ಷ ಊರಿಗೆ ಜ್ವರ ಬಂತು. ಆಸ್ಪತ್ರೆ ತುಂಬಿತು, ಹತ್ತಿಯ ಗೋದಾಮನ್ನು ಖಾಲಿ ಮಾಡಿಸಿ ಆಸ್ಪತ್ರೆ ಮಾಡಿದರು, ಆದರೆ ಮಂಚಗಳಿಲ್ಲ. ಕಲ್ಲುನೆಲದ ಮೇಲೆ ಮಕ್ಕಳು ನಡುಗುತ್ತಿದ್ದರು. ಆಗ ಬಡಗಿಯ ಅಪ್ಪ ತನ್ನ ಮನೆಯ ಬಾಗಿಲನ್ನು ಕೀಲಿನಿಂದ ಬಿಚ್ಚಿ ಹೊತ್ತುಕೊಂಡು ಹೋಗಿ, ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟು ಮಂಚ ಮಾಡಿದ. ಅದನ್ನು ನೋಡಿ ಓಣಿಯವರೆಲ್ಲ, “ನಮ್ಮದೂ ಬಿಚ್ಚಪ್ಪಾ” ಎಂದರು. ಸಂಜೆಯ ಹೊತ್ತಿಗೆ ಓಣಿಯಲ್ಲಿ ಒಂದು ಬಾಗಿಲೂ ಉಳಿಯಲಿಲ್ಲ. ಮನೆಗಳಿಗೆ ಗೋಣಿತಾಟು, ಹಳೇ ಸೀರೆ ಇಳಿಬಿಟ್ಟುಕೊಂಡರು. ಜ್ವರದ ಊರಿನಲ್ಲಿ ರೈಲು ನಿಲ್ಲುತ್ತಿರಲಿಲ್ಲ, ನಿಧಾನವಾಗಿ ದಾಟಿಹೋಗುತ್ತಿತ್ತು. ಕಿಟಕಿಯಲ್ಲಿ ಕೂತವರು ಸಾಲುಸಾಲು ಮನೆಗಳು ಬಾಯಿ ತೆರೆದುಕೊಂಡು ನಿಂತದ್ದನ್ನು ನೋಡಿ, ಮುಂದಿನ ಊರುಗಳಲ್ಲಿ ಹೇಳಿಕೊಂಡರು. ‘ಬಾಗಿಲಿಲ್ಲದ ಊರು’ ಎಂಬ ಹೆಸರು ಹಾಗೆ ರೈಲು ಹತ್ತಿ ಹೋಗಿ, ಯಾವಾಗಲೋ ತಿರುಗಿ ಬಂತು.

ಬಾಗಿಲು ಬಿಚ್ಚುವಾಗ ಯಾವ ಬಡಗಿಯಾದರೂ ಗುರುತು ಹಾಕುತ್ತಾನೆ. ಅಪ್ಪನೂ ಹಾಕಿದ್ದ, ಒಂದೊಂದರ ಅಂಚಿಗೂ ಮನೆಯ ಗುರುತು. ಹಾಕಿದ್ದು ಸೀಮೆಸುಣ್ಣದಲ್ಲಿ, ಉಳಿಯಿಂದ ಕೊರೆಯಲು ಪುರುಸೊತ್ತಿರಲಿಲ್ಲ. ಜ್ವರ ಇಳಿದ ಮೇಲೆ ಬಾಗಿಲುಗಳನ್ನು ಮನೆಗೆ ಕಳಿಸುವ ಮುನ್ನ ಆಸ್ಪತ್ರೆಯವರು ಫಿನಾಯಿಲು, ಸುಣ್ಣದ ನೀರು ಹಾಕಿ ಗಸಗಸ ತೊಳೆದರು. ಗುರುತೆಲ್ಲ ನೀರಿನ ಪಾಲಾಯಿತು. ಹಾಗಾದರೂ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ. ಚೌಕಟ್ಟು ಅಳೆದು ಬಾಗಿಲು ಅಳೆದರೆ ಯಾವುದು ಯಾರದೆಂದು ಎಂಥ ಬಡಗಿಯಾದರೂ ಹೇಳಬಲ್ಲ. ಅಪ್ಪ ಅಳತೆಪಟ್ಟಿ ತೆಗೆದಾಗ ಓಣಿಯವರೇ ಕೈ ಹಿಡಿದರು. ಯಾರ ಬಾಗಿಲ ಮೇಲೆ ಯಾರ ಮಗು ಹೋಯಿತೆಂದು ತಿಳಿಯುವುದು ಯಾರಿಗೂ ಬೇಕಾಗಿರಲಿಲ್ಲ. “ಯಾವುದು ಕೈಗೆ ಸಿಗುತ್ತೋ ಅದನ್ನೇ ಹಾಕು, ಕೇಳೋದು ಬೇಡ” ಎಂದರು. ಕೇಳಬಾರದು ಎನ್ನುವುದು ಅವತ್ತಿನಿಂದ ಓಣಿಯ ಪದ್ಧತಿಯಾಯಿತು. ಮಕ್ಕಳು ಹೆಸರಿನ ಅರ್ಥ ಕೇಳಿದರೆ ಕಳ್ಳರಿರಲಿಲ್ಲ ಎಂದು ಹೇಳಿಬಿಡುತ್ತಿದ್ದರು. ಟ್ಯಾಕ್ಸಿಯವರಿಗೆ ಆ ಕಥೆ ಸಿಕ್ಕಿದ್ದು ಅಲ್ಲಿಂದಲೇ ಇರಬೇಕು.

ಬಡಗಿಗೆ ಒಬ್ಬ ಅಕ್ಕ ಇದ್ದಳಂತೆ. ಗೋದಾಮಿಗೆ ಹೋದವಳು ತಿರುಗಿ ಬರಲಿಲ್ಲ. ಮನೆಯಲ್ಲಿ ಅವಳ ಮಾತು ಎತ್ತುವ ಹಾಗಿರಲಿಲ್ಲ. ಅಪ್ಪ ಸಾಯುವ ಮುಂಚೆ ಒಮ್ಮೆ, ಮಾತಿಗೆ ಮಾತು ಬಂದು, “ನಮ್ಮ ಬಾಗಿಲಿನ ಒಳಮಗ್ಗುಲಲ್ಲಿ ನಿಮ್ಮಕ್ಕನ ಎತ್ತರದ ಗೆರೆ ಇದೆ, ಹುಟ್ಟಿದ ದಿನಕ್ಕೊಂದೊಂದು, ಉಳಿಯಲ್ಲಿ ಕೊರೆದದ್ದು” ಎಂದುಬಿಟ್ಟ. ಆಮೇಲೆ ಹೇಳಬಾರದಿತ್ತು ಎಂಬಂತೆ ಗೋಡೆಯ ಕಡೆ ತಿರುಗಿ ಮಲಗಿದ.

ಆ ಮಾತು ಮಗನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು. ಕಾಣದ ಅಕ್ಕನ ದುಃಖಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ: ಅಪ್ಪ ಇವನ ಎತ್ತರವನ್ನು ಎಂದೂ ಅಳೆದಿರಲಿಲ್ಲ. ಊರಿನವರ ಮಂಚ ಮೇಜುಗಳನ್ನೆಲ್ಲ ಅಳೆದ ಮನುಷ್ಯ, ಮಗನನ್ನು ಒಮ್ಮೆಯೂ ಬಾಗಿಲಿಗೆ ಒರಗಿಸಿ ನಿಲ್ಲಿಸಿರಲಿಲ್ಲ. ಇದು ಹೇಳಿಕೊಳ್ಳುವಂಥ ನೋವಲ್ಲ. ಅರವತ್ತರ ಹತ್ತಿರದ ಗಂಡಸು ಇದನ್ನು ಬಾಯಿಬಿಟ್ಟರೆ ಜನ ನಗುತ್ತಾರೆ. ಹಾಗಾಗಿ ಅವನು ಅದನ್ನು ಗೊಣಗಾಟವಾಗಿ ಪರಿವರ್ತಿಸಿಕೊಂಡಿದ್ದ. ಆ ಬಾಗಿಲನ್ನು ಒಮ್ಮೆ ನೋಡಬೇಕು ಎಂಬ ಆಸೆ ಮಾತ್ರ ಹೋಗಲಿಲ್ಲ. ಪಟ್ಟಿ ಹೊಡೆಯಲು ಯಾರ ಮನೆಗೆ ಹೋದರೂ ಮೊದಲು ಒಳಮಗ್ಗುಲಿನ ಮೇಲೆ ಕೈಯಾಡಿಸುತ್ತಿದ್ದ. ಕೆಲವರು ಬಣ್ಣದ ಮೇಲೆ ಬಣ್ಣ ಬಳಿದಿದ್ದರು, ಕೆಲವರು ತಗಡು ಹೊಡೆಸಿದ್ದರು. ಗೆರೆ ಸಿಗಲಿಲ್ಲ.

ಅವನ ಮನೆಯಲ್ಲಿದ್ದ ಬಾಗಿಲು ಯಾರದೋ. ಕೆಳಗೆ ಪಟ್ಟಿ, ಹೊರಮಗ್ಗುಲಲ್ಲಿ ತಿರುಚಿದ ಕಬ್ಬಿಣದ ಬಳೆ. ಆ ಬಳೆಗೆ ನಿತ್ಯ ಒಬ್ಬ ಗಿರಾಕಿ ಇದ್ದಳು: ಓಣಿಯ ಕೊನೆಮನೆಯ ಚಿಕ್ಕಮ್ಮ. ರಕ್ತಸಂಬಂಧವೇನಿಲ್ಲ, ಬಡಗಿಯ ಅಮ್ಮನಿಗಿಂತ ಸ್ವಲ್ಪ ಚಿಕ್ಕವಳು, ಅದಕ್ಕೆ ಚಿಕ್ಕಮ್ಮ. ದಿನಾ ಬೆಳಿಗ್ಗೆ ಬಂದು ಅರ್ಧ ತೆರೆದ ಬಾಗಿಲಿನ ಬಳೆ ಹಿಡಿದುಕೊಂಡು ಹೊಸಿಲಾಚೆ ನಿಂತರೆ, ಊರಿನ ಸಮಾಚಾರವೆಲ್ಲ ಮುಗಿಯಬೇಕು.

“ಒಳಗೆ ಬನ್ನಿ ಚಿಕ್ಕಮ್ಮ” ಎಂದು ಬಡಗಿ ದಿನಾ ಕರೆಯುತ್ತಿದ್ದ.

“ಬರಲ್ಲಪ್ಪ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ” ಎಂದು ಅವಳು ದಿನಾ ಹೇಳುತ್ತಿದ್ದಳು. ಹೇಳಿ ಇನ್ನೂ ಅಷ್ಟು ಹೊತ್ತು ನಿಲ್ಲುತ್ತಿದ್ದಳು. ಆ ಹಾಲು ಒಂದು ದಿನವೂ ಉಕ್ಕಿದ್ದನ್ನು ಯಾರೂ ಕೇಳಿಲ್ಲ. ಅವಳ ಕೈ ಸವೆಸಿ ಸವೆಸಿ ಬಳೆ ಬೆಳ್ಳಿಯ ಹಾಗೆ ಮಿನುಗುತ್ತಿತ್ತು.

ಮಧ್ಯಾಹ್ನ ಅಮ್ಮನ ಸರದಿ. ಊಟವಾದ ಮೇಲೆ ಕೋಲೂರಿಕೊಂಡು ಕೊನೆಮನೆಗೆ ಹೋಗುವಳು. ಅಲ್ಲಿ ಬಾಗಿಲು ಹಗಲೆಲ್ಲ ತೆರೆದು ಗೋಡೆಗೆ ಅಂಟಿಕೊಂಡಿರುತ್ತಿತ್ತು. ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುವಳು. ಒಂದು ಕೈ ಬಾಗಿಲಿನ ಅಂಚನ್ನು ಹಿಡಿದೇ ಇರುತ್ತಿತ್ತು. ಏಳುವಾಗ ಆಧಾರಕ್ಕೆ ಎಂದು ಎಲ್ಲರೂ ತಿಳಿದಿದ್ದರು. ಇಬ್ಬರಿಗೂ ಅಂಥಾ ಪ್ರೀತಿಯೇನೂ ಇದ್ದ ಹಾಗೆ ಕಾಣುತ್ತಿರಲಿಲ್ಲ. ಇವಳ ಸಾರಿಗೆ ಅವಳು ಮೂಗು ಮುರಿಯುವಳು, ಅವಳ ಸೊಸೆಗೆ ಇವಳು ಬುದ್ಧಿ ಹೇಳಲು ಹೋಗಿ ಬೈಸಿಕೊಳ್ಳುವಳು. “ನಾಳೆಯಿಂದ ಆ ಮನೆ ಕಡೆ ತಲೆ ಹಾಕಿ ಮಲಗಲ್ಲ” ಎಂದು ಅಮ್ಮ ಹೇಳಿದ ಮರುದಿನವೂ ಕೋಲು ಟಕ್ ಟಕ್ ಎಂದು ಅತ್ತಲೇ ಹೋಗುತ್ತಿತ್ತು.

ಇಷ್ಟಿರುವಾಗ ಮಹಾನಗರಪಾಲಿಕೆಗೆ ಊರಿನ ಅಡ್ಡಹೆಸರಿನ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿತು. ಪ್ರವಾಸಿಗರಿಗೆ ಒಂದು ಹೆಸರು ಬೇಕು, ಹೊಗೆಯೂರು ಎಂದರೆ ಯಾರು ಬರುತ್ತಾರೆ? ರೈಲು ನಿಲ್ದಾಣದಲ್ಲಿ ದೊಡ್ಡ ಫಲಕ ಎದ್ದಿತು: ‘ಬಾಗಿಲಿಲ್ಲದ ಊರಿಗೆ ಸ್ವಾಗತ. ಇಲ್ಲಿ ಎಲ್ಲರಿಗೂ ಪ್ರವೇಶವಿದೆ.’ ಹೆಸರು ಹುಟ್ಟಿದ ಓಣಿಯನ್ನು ಸಿಂಗರಿಸಲು ತೀರ್ಮಾನವಾಯಿತು. ಸುಣ್ಣಬಣ್ಣ, ದೀಪದ ಕಂಬ, ಮತ್ತು ಎಲ್ಲ ಮನೆಗಳಿಗೂ ಒಂದೇ ಅಳತೆಯ, ಒಂದೇ ನೀಲಿಯ ಹೊಸ ಬಾಗಿಲು. ಬಾಗಿಲಿಲ್ಲದ ಊರೆಂದು ಮೆರೆಸಲು ಮೊದಲು ಮಾಡಿದ ಕೆಲಸವೇ ಬಾಗಿಲು ಹಾಕಿಸುವುದು. ಪಾಲಿಕೆಯಲ್ಲಿ ಇದು ಒಬ್ಬರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಬಡಗಿಯ ಮಗಳು ಪ್ರವಾಸ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಭಾನುವಾರ ಪ್ರವಾಸಿಗರನ್ನು ಹಳೇ ಪೇಟೆಯಲ್ಲಿ ನಡೆಸಿಕೊಂಡು ಹೋಗಿ ಊರಿನ ಹೆಸರುಗಳ ಕಥೆ ಹೇಳುವುದು ಅವಳ ಕೆಲಸ. ಮಾತಿನಲ್ಲಿ ಎತ್ತಿದ ಕೈ. ಬಾಗಿಲಿನ ಕೆಲಸ ಅಪ್ಪನ ಅಂಗಡಿಗೇ ಬಂದಾಗ ಅವಳಿಗೆ ಹಿಗ್ಗೋ ಹಿಗ್ಗು.

“ಅಪ್ಪ, ಓಣಿ ಬಾಯಲ್ಲಿ ಒಂದು ಫಲಕ ಹಾಕ್ತಾರೆ. ಹೆಸರು ಹೇಗೆ ಬಂತು ಅಂತ ನಾನೇ ಬರೆದುಕೊಡಬೇಕು. ಕಳ್ಳರಿರಲಿಲ್ಲ ಅನ್ನೋದೊಂದೇನಾ, ಬೇರೆ ಏನಾದ್ರೂ ಇದೆಯಾ?”

“ಏನೋಮ್ಮ, ಹಿಂದಿನವರು ಕರೀತಿದ್ರು” ಎಂದ ಅವನು, ಮುಖ ಎತ್ತದೆ.

ಜೀವಮಾನದಲ್ಲಿ ಅಷ್ಟು ದೊಡ್ಡ ಕೆಲಸ ಅವನಿಗೆ ಬಂದಿರಲಿಲ್ಲ. ಆದರೆ ಅವನ ಎದೆ ಹೊಡೆದುಕೊಂಡದ್ದು ಅದಕ್ಕಲ್ಲ. ಓಣಿಯ ಒಂದೊಂದು ಬಾಗಿಲೂ ಈಗ ಬಿಚ್ಚಿಕೊಂಡು ಅವನ ಕೈಗೆ ಬರುತ್ತದೆ. ಬಣ್ಣ ಹೆರೆದು ನೋಡಬಹುದು, ತಗಡು ಕಿತ್ತು ನೋಡಬಹುದು. ಕೇಳಬಾರದು ಎಂದು ಓಣಿಯವರು ಹೇಳಿದ್ದರು, ನೋಡಬಾರದು ಎಂದು ಯಾರೂ ಹೇಳಿರಲಿಲ್ಲ. ತನಗೆ ತಾನೇ ಹೀಗೆ ವಕೀಲಿಕೆ ಮಾಡಿಕೊಂಡು ಓಣಿಯ ಬಾಯಿಂದ ಕೆಲಸ ಶುರು ಮಾಡಿದ.

ಹಳೇ ಬಾಗಿಲುಗಳನ್ನು ಅಂಗಡಿಗೆ ತಂದು, ಕೆಲಸದವರು ಊಟಕ್ಕೆ ಹೋದಾಗ ಒಬ್ಬನೇ ಕೂತು ಹೆರೆಯುತ್ತಿದ್ದ. ಹಸಿರಿನ ಕೆಳಗೆ ಕಂದು, ಕಂದಿನ ಕೆಳಗೆ ಫಿನಾಯಿಲು ಕುಡಿದು ಬೆಳ್ಳಗಾದ ಮರ. ಎಲ್ಲೋ ಒಂದು ಕಡೆ ಮಕ್ಕಳು ಗೀಚಿದ ಹಕ್ಕಿ, ಇನ್ನೊಂದರಲ್ಲಿ ಮೊಳೆಯ ಸಾಲು. ಗೆರೆಗಳಿಲ್ಲ. ಒಂದೊಂದು ಬಾಗಿಲು ಮುಗಿದ ಹಾಗೆಲ್ಲ ಅವನಿಗೆ ಒಂದು ಕಡೆ ನಿರಾಸೆ, ಇನ್ನೊಂದು ಕಡೆ, ಸುಳ್ಳೇಕೆ, ನಿರಾಳ. ಕೊನೆಗೆ ಓಣಿಯಲ್ಲಿ ಹಳೇ ಬಾಗಿಲು ಉಳಿದದ್ದು ಎರಡೇ ಮನೆಗೆ: ಒಂದು ಅವನದೇ, ಇನ್ನೊಂದು ಚಿಕ್ಕಮ್ಮನದು. ಅವನದಂತೂ ಅಲ್ಲ. ಅಂದ ಮೇಲೆ ಯಾವುದೆಂದು ಹೇಳಲು ಬಡಗಿಯೇ ಆಗಬೇಕಾಗಿರಲಿಲ್ಲ. ಚಿಕ್ಕಮ್ಮನ ಮನೆಗೆ ಪಟ್ಟಿ ಹೊಡೆಯಲು ಯಾವಾಗಲೂ ಅಪ್ಪನೇ ಹೋಗುತ್ತಿದ್ದ, ಇವನನ್ನು ಕಳಿಸುತ್ತಿರಲಿಲ್ಲ, ಅಪ್ಪ ಹೋದ ಮೇಲೆ ಚಿಕ್ಕಮ್ಮ ಪಟ್ಟಿಗೆಂದು ಇವನನ್ನು ಕರೆದೇ ಇರಲಿಲ್ಲ ಎಂಬುದು ಆಗ ನೆನಪಾಯಿತು.

ಮುದುಕಿಯರಿಬ್ಬರೂ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ನಾನು ಸತ್ತ ಮೇಲೆ ಬಂಗಾರದ ಬಾಗಿಲು ಹಾಕ್ಕೋ, ಯಾರು ಬೇಡ ಅಂತಾರೆ” ಎಂದಳು ಅಮ್ಮ.

ಚಿಕ್ಕಮ್ಮ ಇನ್ನೂ ಒಂದು ಕೈ ಮೇಲೆ. “ನಮ್ಮನೆ ಬಾಗಿಲು ಮುಚ್ಚೋದೇ ಇಲ್ವಲ್ಲೋ, ಬಾಗಿಲು ನಿನಗೆ ಕಂಡಿದ್ದಾದ್ರೂ ಹೇಗೆ? ಬೋರ್ಡಲ್ಲಿ ಬಾಗಿಲಿಲ್ಲದ ಊರು ಅಂತ ಹಾಕಿದ್ದಾರೆ ತಾನೇ? ನಮ್ಮನೆಗೆ ಇಲ್ಲ ಅಂತ ಬರ್ಕೋ” ಎಂದಳು. ಬಸ್ಸು ಓಡಿಸುವ ಅವಳ ಮಗ ಹೊಸ ಬಾಗಿಲು ಬೇಕೆಂದು ಎಷ್ಟು ಕೂಗಾಡಿದರೂ ಅವನ ಬೇಳೆ ಬೇಯಲಿಲ್ಲ.

ಪಾಲಿಕೆಯ ಎಂಜಿನಿಯರು ಒಳ್ಳೆಯ ಮನುಷ್ಯ, ಆದರೆ ಮೇಲಿನವರಿಗೆ ಹೆದರುವವನು. ಓಣಿಯಲ್ಲಿ ನಿಂತು ಆ ಕಡೆ ಈ ಕಡೆ ನೋಡಿ, “ಮೇಸ್ತ್ರಿ, ಎಲ್ಲಾ ನೀಲಿ ಹಲ್ಲಿನ ಮಧ್ಯೆ ಎರಡು ಹುಳುಕು ಹಲ್ಲು ಬಿಟ್ಟ ಹಾಗಿದೆ. ಉದ್ಘಾಟನೆಯೊಳಗೆ ಇವೆರಡೂ ಆಗದೇ ಇದ್ರೆ ಕೆಲಸ ಪೂರ್ತಿಯಾಯ್ತು ಅಂತ ನಾನು ಸಹಿ ಹಾಕೋಕಾಗಲ್ಲ” ಎಂದ. “ಒಂದು ನಿಮ್ಮ ಸ್ವಂತ ಮನೆಯೇ ಅಲ್ವೇ?”

“ಸ್ವಂತ ಮನೆ ಅಂತಲೇ ಕಷ್ಟ ಸರ್” ಎಂದ ಬಡಗಿ.

ಮರುದಿನ ಮಧ್ಯಾಹ್ನ ಅವನು ಕೊನೆಮನೆಗೆ ಹೋದ. ಅಳತೆಪಟ್ಟಿ ಜೇಬಿನಲ್ಲಿತ್ತು, ಪೆನ್ಸಿಲು ಕಿವಿಯಲ್ಲಿತ್ತು. ಚಿಕ್ಕಮ್ಮ ಕಾಲು ಚಾಚಿಕೊಂಡು ಕಾಳು ಆರಿಸುತ್ತಿದ್ದಳು. ಅಮ್ಮ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಅಂಚು ಹಿಡಿದುಕೊಂಡು, ಅರೆಕಣ್ಣು ಮುಚ್ಚಿ ಕೂತಿದ್ದಳು.

“ಸುಮ್ನೆ ಅಳತೆ ತಗೊಂಡು ಹೋಗ್ತೀನಿ. ಅಮ್ಮ, ಸ್ವಲ್ಪ ಆ ಕಡೆ ಸರಿ.”

“ಚೌಕಟ್ಟು ಅಳೆದ್ಕೋ, ಸಾಕು” ಎಂದಳು ಅಮ್ಮ. ಸರಿಯಲಿಲ್ಲ.

“ಅಮ್ಮ, ಪಕ್ಕಕ್ಕೆ ಸರಿ” ಎಂದ ಅವನು. ಯಾವತ್ತೂ ಇಲ್ಲದ ಗಟ್ಟಿತನ ಆ ದನಿಯಲ್ಲಿ ಇದ್ದಿರಬೇಕು. ಅವಳು ಅವನ ಮುಖ ನೋಡಿದಳು, ಚಿಕ್ಕಮ್ಮನ ಮುಖ ನೋಡಿದಳು, ಆಮೇಲೆ ಕೋಲೂರಿ ಎದ್ದು ಪಕ್ಕಕ್ಕೆ ನಿಂತಳು.

ಅವನು ಬಾಗಿಲನ್ನು ಗೋಡೆಯಿಂದ ಎಳೆದ. ಕೀಲು ಕಿರುಗುಟ್ಟಿತು. ಒಳಮಗ್ಗುಲಿಗೆ ಯಾರೂ ಬಣ್ಣ ಬಳಿದಿರಲಿಲ್ಲ. ಅಂಚಿಗೆ ಹತ್ತಿಕೊಂಡಂತೆ, ಒಂದರ ಮೇಲೊಂದು, ನಾಲ್ಕು ಗೆರೆ. ಅಪ್ಪನ ಉಳಿಯ ಕೆಲಸವೇ, ಅನುಮಾನವಿಲ್ಲ. ಇಷ್ಟು ನೇರವಾಗಿ ಬೇರೆ ಯಾರೂ ಕೊರೆಯುತ್ತಿರಲಿಲ್ಲ. ಗೆರೆಗಳ ತುದಿ ಮಾತ್ರ ಸವೆದು ನುಣುಪಾಗಿತ್ತು, ಉಳಿ ಕೊರೆದಲ್ಲಿ ಮರ ಹಾಗೆ ಆಗುವುದಿಲ್ಲ. ಕೂತವರ ಕೈ ಅಂಚು ಬಳಸಿ ಹಿಂದೆ ಹೋದರೆ ಬೆರಳು ತಾಗುವ ಜಾಗ ಅದು. ಅವನು ಅಮ್ಮನ ಕೈ ನೋಡಿದ. ಕೊನೆಯ ಗೆರೆ ಅವನ ಸೊಂಟಕ್ಕೆ ಬರುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ, ಬರೀ ಮರ.

“ನೋಡಿದ್ಯಲ್ಲ,” ಎಂದಳು ಅಮ್ಮ. “ಇನ್ನು ಗೋಡೆಗೆ ಒರಗಿಸು.”

“ನಿನಗೆ ಯಾವಾಗಿಂದ ಗೊತ್ತು?”

“ಹಾಕಿದ ದಿನದಿಂದ. ನಿಮ್ಮಪ್ಪನೇ ತಾನೇ ಇಲ್ಲಿ ಕೂರಿಸಿದ್ದು, ಅವರಿಗೆ ಗೊತ್ತಿರಲಿಲ್ವೇ?”

“ಮತ್ತೆ ಮನೆಗೆ ಯಾಕೆ ತರಲಿಲ್ಲ? ಚಿಕ್ಕಮ್ಮ ಬೇಡ ಅಂತಿದ್ರಾ?”

ಚಿಕ್ಕಮ್ಮ ಮೊರವನ್ನು ಪಕ್ಕಕ್ಕಿಟ್ಟಳು. “ನಾನ್ಯಾಕೆ ಬೇಡ ಅನ್ಲಿ. ತಂದಿದ್ರೆ ನಿಮ್ಮನೇಲಿರೋದು ಇಲ್ಲಿಗೆ ಬರಬೇಕಿತ್ತು. ಅದರ ಮೇಲೆ ಮಲಗಿದ್ದೋನು ನನ್ನ ದೊಡ್ಡ ಮಗ. ಆ ಬಳೇನ ಹಿಡ್ಕೊಂಡೇ ಇದ್ದ, ಕೊನೇವರೆಗೂ. ಕೈ ಬಿಡಿಸಿದ್ದು ನಾನೇ.” ಅವಳ ದನಿ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವಾಗ ಇರುವಂತೆಯೇ ಇತ್ತು. “ಅದನ್ನ ನನ್ನ ಮನೆ ಬಾಗಿಲಿಗೆ ಹಾಕ್ಕೊಂಡು ದಿನಾ ತೆಗೆದು ಹಾಕಿ ಮಾಡೋದಾ? ಅನ್ನ ಇಳೀತಿತ್ತೇನಪ್ಪ?”

“ನನಗೂ ಅಷ್ಟೆ,” ಎಂದಳು ಅಮ್ಮ. “ಒಲೆ ಮುಂದೆ ಕೂತ್ರೆ ಎದುರಿಗೆ ಆ ನಾಲ್ಕು ಗೆರೆ. ಐದನೇದು ಎಲ್ಲಿಗೆ ಬರ್ತಿತ್ತು ಅಂತಲೇ ಯೋಚನೆ. ಸೌದೆ ಮಾಡಿಬಿಡಿ ಅಂತ ನಾನೇ ಅಂದಿದ್ದೆ. ಇವಳು ಬಿಡ್ಲಿಲ್ಲ. ನಿನ್ನದು ನನ್ನ ಹತ್ರ ಇರ್ಲಿ, ನನ್ನದು ನಿನ್ನ ಹತ್ರ ಇರ್ಲಿ, ಮನಸ್ಸಾದಾಗ ಬಂದು ನೋಡ್ಕೊಂಡು ಹೋಗೋಣ ಅಂದ್ಳು. ಒಂದೇ ಸಲ ಆಡಿದ ಮಾತು. ಆಮೇಲೆ ನಾವು ಅದರ ಸುದ್ದಿ ಎತ್ತಿದವರಲ್ಲ.”

“ಎತ್ತೋಕೆ ಇವಳ ಬಾಯಿಗೆ ಬಿಡುವಿದ್ರೆ ತಾನೇ, ನನ್ನ ಸೊಸೆಗೆ ಪಾಠ ಹೇಳೋದ್ರಲ್ಲೇ ಆಯ್ತು” ಎಂದಳು ಚಿಕ್ಕಮ್ಮ.

ಬಡಗಿ ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಇಷ್ಟು ವರ್ಷ ಒಳಗಿಟ್ಟುಕೊಂಡದ್ದು, ಕೇಳಲು ಹೋದರೆ ಚಿಕ್ಕ ಹುಡುಗನ ಮಾತಾಗುವಂಥದ್ದು, ಆಗ ತಾನಾಗಿ ಬಾಯಿಗೆ ಬಂತು. “ನನಗೆ ಅಪ್ಪ ಒಂದು ಗೆರೇನೂ ಹಾಕ್ಲಿಲ್ಲ.”

ಮುದುಕಿಯರಿಬ್ಬರೂ ನಗಲಿಲ್ಲ. ಅಮ್ಮ ಕೊನೆಯ ಗೆರೆಯ ಮೇಲೆ ಬೆರಳಿಟ್ಟಳು.

“ಹೆದರಿಕೆ ಕಣೋ,” ಎಂದಳು. “ಅಳೆದ ಮಗು ಉಳೀಲಿಲ್ಲ. ನೀನು ಹುಟ್ಟಿದ ಮೇಲೆ ಉಳಿ ತಗೊಂಡು ಬಾಗಿಲ ಹತ್ರ ಹೋಗಿ ನಿಂತ್ಕೋತಿದ್ರು. ವರ್ಷ ವರ್ಷವೂ ಅಷ್ಟೆ, ನಿನ್ನ ಹುಟ್ಟಿದ ದಿನಕ್ಕೆ. ನಿಂತು, ವಾಪಸ್ ಬಂದುಬಿಡೋರು. ನೀನು ಅವರ ಎತ್ತರ ದಾಟೋವರೆಗೂ ಹೀಗೇ. ದಾಟಿದ ದಿನ ಅಂಗಡಿಗೆ ಹೋಗ್ಲಿಲ್ಲ, ಮನೇಲೇ ಕೂತು ಅತ್ತುಬಿಟ್ರು.”

ಅಪ್ಪನ ಮೇಲೆ ಕಟ್ಟಿಕೊಂಡು ಬಂದಿದ್ದ ಗೊಣಗಾಟಕ್ಕೆಲ್ಲ ಈಗ ಕಾಲೂರಲು ನೆಲವಿರಲಿಲ್ಲ. ಅವನಿಗೆ ದುಃಖವೂ ಆಯಿತು, ಸಂತೋಷವೂ ಆಯಿತು, ಎರಡರಲ್ಲೂ ಸ್ವಲ್ಪ ನಾಚಿಕೆ ಸೇರಿತ್ತು. ಬಾಗಿಲನ್ನು ಮೆಲ್ಲಗೆ ತಿರುಗಿಸಿ ಗೋಡೆಗೆ ಒರಗಿಸಿದ. ಅಮ್ಮ ಕೋಲು ಬದಿಗಿಟ್ಟು ತನ್ನ ಜಾಗದಲ್ಲಿ ಕೂತಳು. ಚಿಕ್ಕಮ್ಮ ಮೊರ ಎಳೆದುಕೊಂಡಳು.

ಮುಂದಿನದು ಬಡಗಿಯ ಕೆಲಸ. ಎರಡೂ ಮನೆಯ ಹಳೇ ಬಾಗಿಲಿಗೆ ಅವನು ಕೈ ಹಚ್ಚಲಿಲ್ಲ. ಚೌಕಟ್ಟಿನ ಹೊರಮಗ್ಗುಲಿಗೆ ಇನ್ನೊಂದು ಚೌಕಟ್ಟು ಕೂರಿಸಿ, ಓಣಿಯ ಕಡೆಗೆ ತೆರೆಯುವ ಹಾಗೆ ನೀಲಿ ಬಾಗಿಲು ನಿಲ್ಲಿಸಿದ. ಬೀದಿಯಲ್ಲಿ ನಿಂತರೆ ಸಾಲು ಸಾಲಾಗಿ ನೀಲಿ. ಅದನ್ನು ತೆರೆದರೆ ಒಳಗೆ ಹಳೆಯದು. ಎಂಜಿನಿಯರು ಓಣಿಯ ಉದ್ದಕ್ಕೂ ಕಣ್ಣಾಡಿಸಿ, “ಈಗ ಸರಿಹೋಯ್ತು ಮೇಸ್ತ್ರಿ” ಎಂದು ಸಹಿ ಹಾಕಿದ. ಹೀಗೆ ಬಾಗಿಲಿಲ್ಲದ ಊರಿನಲ್ಲಿ ಎರಡು ಮನೆಗಳಿಗೆ ಎರಡೆರಡು ಬಾಗಿಲಾದವು. ಹೊಸ ಬಾಗಿಲುಗಳೆಲ್ಲ ಅಳತೆಗೆ ಸರಿಯಾಗಿ ಕೂತವು, ಓಣಿಗೆ ಇನ್ನು ಪಟ್ಟಿ ಹೊಡೆಯುವವರು ಬೇಕಾಗಿರಲಿಲ್ಲ. ಆದರೂ ಪಟ್ಟಿ ಮೇಸ್ತ್ರಿ ಎಂಬ ಹೆಸರು ಹೋಗಲಿಲ್ಲ.

ಕೆಲಸ ಮುಗಿದ ದಿನ ಅವನು ಮಗಳನ್ನು ಅಂಗಡಿಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದ. ಅವಳು ಕೇಳುತ್ತಾ ಕೇಳುತ್ತಾ ಮರದ ಹುಡಿಯ ಮೇಲೆ ಬೆರಳಾಡಿಸುತ್ತಿದ್ದಳು.

“ಹಾಗಾದ್ರೆ ಫಲಕದಲ್ಲಿ ಇದನ್ನೇ ಬರೀಲಾ ಅಪ್ಪ? ಇದು ಎಷ್ಟು ದೊಡ್ಡ ವಿಷಯ.”

“ಬೇಡ. ಕಳ್ಳರಿರಲಿಲ್ಲ ಅಂತಲೇ ಇರ್ಲಿ. ಕೇಳೋಕೂ ಚೆನ್ನಾಗಿದೆ.”

“ಸುಳ್ಳಲ್ವಾ?”

“ಊರಿಗೆ ಬಂದೋರಿಗೆ ಅದು ಸಾಕು. ಇದು ಅವರಿಬ್ಬರದು. ಅವರಾದ ಮೇಲೆ ನೀನು ಹೇಳ್ಕೋ.”

ಅವಳು ಬೆರಳಿಗೆ ಹತ್ತಿದ ಹುಡಿ ಕೊಡವಿ ಎದ್ದಳು. ಫಲಕದಲ್ಲಿ ಬಂದದ್ದು ಹೀಗೆ: ‘ಈ ಓಣಿಯ ಜನ ಒಂದು ಕಾಲದಲ್ಲಿ ಬಾಗಿಲಿಲ್ಲದೆ ಬದುಕಿದರು. ಊರಿನ ಹೆಸರು ಇಲ್ಲಿಂದ ಬಂತು.’ ಕಳ್ಳರ ಮಾತಿಲ್ಲ. ಕಥೆ ಅರ್ಧಕ್ಕೇ ನಿಂತಿತು ಎಂದು ಕಚೇರಿಯಲ್ಲಿ ಯಾರೋ ಆಕ್ಷೇಪಿಸಿದರಂತೆ. ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಉದ್ಘಾಟನೆಯ ಮರುದಿನ ಬೆಳಿಗ್ಗೆ ಬಡಗಿ ಹೊಸ ಬಾಗಿಲನ್ನು ಹೊರಗೋಡೆಗೆ ಮಡಿಚಿ, ಹಳೆಯದನ್ನು ಅರ್ಧ ತೆರೆದಿಟ್ಟು, ಚಹಾ ಲೋಟ ಹಿಡಿದು ಒಳಗೆ ಕೂತಿದ್ದ. ಚಿಕ್ಕಮ್ಮ ಬಂದಳು. ಹೊಸಿಲಾಚೆ ನಿಂತು ಬಳೆಗೆ ಕೈ ಹಾಕಿದಳು. ಸಮಾರಂಭಕ್ಕೆ ಬಂದವರ ಉಡುಗೆ, ಭಾಷಣದ ಉದ್ದ, ತಿಂಡಿಯ ಪೊಟ್ಟಣ ಹಂಚಿದವರ ಜಿಪುಣತನ ಎಲ್ಲ ಒಂದೊಂದಾಗಿ ಬಂತು. ಅಮ್ಮ ಒಳಗಿನಿಂದಲೇ ಅದಕ್ಕೆಲ್ಲ ಎದುರುತ್ತರ ಕೊಡುತ್ತಿದ್ದಳು. ಬಳೆಯ ಮೇಲೆ ಚಿಕ್ಕಮ್ಮನ ಹೆಬ್ಬೆರಳು ಅತ್ತ ಇತ್ತ ಆಡುತ್ತಿತ್ತು. ಅದನ್ನು ಬಡಗಿ ಆವರೆಗೆ ಗಮನಿಸಿರಲಿಲ್ಲ.

ಮಾತು ಒಂದು ಕ್ಷಣ ನಿಂತಿತು. ದಿನಾ ಅವನು ಒಳಗೆ ಬನ್ನಿ ಎಂದು ಕರೆಯುತ್ತಿದ್ದ ಹೊತ್ತು ಅದು. ಚಿಕ್ಕಮ್ಮ ರೂಢಿಯಂತೆ ಅವನ ಕಡೆ ನೋಡಿದಳು.

ಅವನು ಕರೆಯಲಿಲ್ಲ. ಎದ್ದು, ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದ.